ಮುಳುಗಲೊಲ್ಲದ ಸೂರ್ಯನ ಪಾರ್ಟು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಇಂಡಿ ಪಟ್ಟಣದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಚಿತ್ರ ಬರೆಯುವುದರಲ್ಲಿ ನನಗೆ ಅಂಥ ಹೆಸರೇನೂ ಇರಲಿಲ್ಲ. ಹೆಸರಿದ್ದದ್ದು ನಗುವುದರಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ನಾಟಕ ಆಡಿದರೆ ಖಳನಾಯಕನ ಪಾರ್ಟಿಗೆ ನನ್ನನ್ನೇ ಕರೆಯುತ್ತಿದ್ದರು. ಪರದೆಯ ಹಿಂದಿನಿಂದ ಮೊದಲು ನನ್ನ ನಗು ಬರಬೇಕು, ಆಮೇಲೆ ನಾನು ಬರಬೇಕು. ನಗು ಬಂದಮೇಲೆ ನಾನು ಬರದಿದ್ದರೂ ಯಾರಿಗೂ ನಷ್ಟವಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಆಗ ಕಾಲುವೆ ಕಚೇರಿಗೆ ಒಬ್ಬ ಎಂಜಿನಿಯರು ವರ್ಗವಾಗಿ ಬಂದರು. ಅವರ ಹೆಂಡತಿ ಪುಣೆಯಲ್ಲಿ ಹೊಸ ತರಹದ ನೃತ್ಯ ಕಲಿತು, ಅಲ್ಲಿಯ ತಂಡವೊಂದರಲ್ಲಿ ಬಹಳ ದಿನ ಕುಣಿದು ಬಂದವರು. ನಾವು ಅವರನ್ನು ಅಕ್ಕಾವರು ಎನ್ನುತ್ತಿದ್ದೆವು. ಅವರು ಇಲ್ಲಿಯೇ ಒಂದು ತಂಡ ಕಟ್ಟುತ್ತಾರಂತೆ, ಕುಣಿತದಲ್ಲೇ ಜನರ ಕಷ್ಟ ಹೇಳುತ್ತಾರಂತೆ ಎಂಬ ಸುದ್ದಿ ಸ್ಟಾಫ್ ರೂಮಿಗೆ ಬಂದ ಮರುದಿನವೇ ನಾನು ಅವರ ಮನೆಯ ಬಾಗಿಲಲ್ಲಿದ್ದೆ. ಡ್ಯಾನ್ಸು ಎಂದರೆ ನನ್ನ ತಲೆಯಲ್ಲಿದ್ದದ್ದು ಸಿನಿಮಾದ ಡ್ಯಾನ್ಸು. ಹಿಂದೆ ಸಾಲಾಗಿ ಹುಡುಗಿಯರು, ಮುಂದೆ ನಾನು. ಜನರ ಕಷ್ಟವನ್ನು ನಡುವೆ ಎಲ್ಲಾದರೂ ಸೇರಿಸಿಕೊಳ್ಳಬಹುದು ಎಂದುಕೊಂಡಿದ್ದೆ.

ತಾಲೀಮಿಗೆ ಸಿಕ್ಕಿದ್ದು ಅಡತಿ ವ್ಯಾಪಾರಿಯೊಬ್ಬರ ಖಾಲಿ ಗೋದಾಮು. ಮೊದಲು ಅಲ್ಲಿ ಮೆಣಸಿನಕಾಯಿ ಚೀಲಗಳನ್ನು ಒಟ್ಟುತ್ತಿದ್ದರು. ಮೆಣಸಿನಕಾಯಿ ಹೋಗಿದ್ದರೂ ಘಾಟು ಹೋಗಿರಲಿಲ್ಲ. ಇಡೀ ತಂಡ ಸೀನುತ್ತಲೇ ಕುಣಿತ ಕಲಿಯಿತು. ತಂಡವೆಂದರೆ ದೊಡ್ಡದೇನಲ್ಲ: ಸರಕಾರಿ ದವಾಖಾನೆಯ ನರ್ಸಬಾಯಿ, ಇಬ್ಬರು ಕಾಲೇಜು ಹುಡುಗಿಯರು, ಒಬ್ಬ ಟೇಲರ್, ಹಲಗೆ ಬಾರಿಸುವ ಒಬ್ಬ ಹಿರಿಯರು, ಮತ್ತೆ ನಾನು. ಮೊದಮೊದಲು ಅಕ್ಕಾವರು ನಮಗೆ ಬೀಳುವುದನ್ನಷ್ಟೇ ಕಲಿಸಿದರು. ಎದ್ದು ನಿಲ್ಲು, ಮೈ ಸಡಿಲ ಬಿಡು, ನೆಲಕ್ಕೆ ಬೀಳು. ಟೇಲರ್ ಹತ್ತಿ ಬಟ್ಟೆಯಂತೆ ಮೆತ್ತಗೆ ಬೀಳುತ್ತಿದ್ದ. ನಾನು ಎದೆ ಹಿಡಿದುಕೊಂಡು, ಒಂದು ಸುತ್ತು ತಿರುಗಿ, ಕಣ್ಣು ಮೇಲೆ ಮಾಡಿ ಬೀಳುತ್ತಿದ್ದೆ.

"ಮಾಸ್ತರ, ನೀವು ಬೀಳಾಕತ್ತಿಲ್ಲ. ಬಿದ್ದಂಗ ನಾಟಕ ಮಾಡಾಕತ್ತೀರಿ," ಎಂದರು ಅಕ್ಕಾವರು.

"ನಾಟಕ ಮಾಡಾಕಂತ ಬಂದೇನ್ರಿ ಅಕ್ಕಾರ," ಎಂದೆ ನಾನು. ಎಲ್ಲರೂ ನಕ್ಕರು. ಅವರು ನನ್ನ ಮಾತಿನ ಚಾತುರ್ಯಕ್ಕೆ ನಕ್ಕರು ಎಂದೇ ನಾನು ಬಹಳ ದಿನ ನಂಬಿದ್ದೆ.

ಯಾವ ವಿಷಯದ ಮೇಲೆ ಆಟ ಕಟ್ಟುವುದು ಎಂಬ ಮಾತು ಬಂದಾಗ ನಾನು ವರದಕ್ಷಿಣೆ ಎಂದೆ, ಅದರಲ್ಲಿ ಖಳನಾಯಕನಿಗೆ ಜಾಗವಿತ್ತು. ಆದರೆ ಅಷ್ಟು ದಿನ ಸುಮ್ಮನಿದ್ದ ನರ್ಸಬಾಯಿ ಬಾಯಿ ಬಿಟ್ಟರು. "ನಾ ಹಳ್ಳಿಗೆ ಹೋದಲ್ಲೆಲ್ಲಾ ಹೆಣ್ಮಕ್ಕಳದ್ದು ಒಂದ ಗೋಳು ನೋಡ್ರಿ. ಉರಿಮೂತ್ರ. ನೀರು ಕುಡೀರೆವ್ವಾ ಅಂದ್ರ, ಕುಡದ್ರ ಎಲ್ಲಿಗಿ ಹೋಗೂಣ್ರಿ ಬಾಯಾರ, ಹೊತ್ತು ಮುಳಗೂತನಾ ಬಯಲಕಡಿ ಹೋಗಾಕ ಆಗೂದಿಲ್ಲ ಅಂತಾರ. ಬ್ಯಾಸಗ್ಯಾಗೂ ಗಂಟಲಾ ಒಣಗಿಸ್ಕೊಂಡು ಕುಂದರ್ತಾರ."

ಗೋದಾಮಿನಲ್ಲಿ ಯಾರೂ ಸೀನಲಿಲ್ಲ. ಅಕ್ಕಾವರು ಮೂಲೆಯಲ್ಲಿದ್ದ ನೀರಿನ ಚರಿಗೆಯನ್ನು ತಂದು ನಡುವೆ ಇಟ್ಟರು. ಆಟ ಅಲ್ಲಿಂದ ಶುರುವಾಯಿತು. ಮೂವರು ಹೆಂಗಸರು, ಕೈಯಲ್ಲಿ ಚರಿಗೆ, ಕತ್ತಲಿಗಾಗಿ ಕಾಯುತ್ತಾರೆ. ಮಾತಿಲ್ಲ. ಮೊಣಕಾಲು ನಡುಗುವುದು, ಬೆನ್ನು ಬಿಗಿಯುವುದು, ಒಬ್ಬಳಿಗೊಬ್ಬಳು ಆತು ನಿಲ್ಲುವುದು, ಅಷ್ಟೇ ಕುಣಿತ. ಹಿಂದೆ ಸೂರ್ಯ ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ದಾಟುತ್ತಾನೆ. ಅವನು ಮುಳುಗಿದರೆ ಆಟ ಮುಗಿಯಿತು.

"ಮಾಸ್ತರ, ನೀವು ಸೂರ್ಯ," ಎಂದರು ಅಕ್ಕಾವರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ: "ಸೂರ್ಯನ ಪಾರ್ಟು ಕೊಟ್ಟಾರ."

"ಮಾತು ಎಷ್ಟದಾವ್ರಿ?"

"ಒಂದೂ ಇಲ್ಲ."

"ಪುಣ್ಯಾತ್ಗಿತ್ತಿ," ಎಂದಳು. ಯಾರಿಗೆ ಹೇಳಿದಳೆಂದು ನಾನು ಕೇಳಲಿಲ್ಲ.

ಮೊದಲ ಪ್ರದರ್ಶನ ಇಂಡಿಯಲ್ಲೇ ಆಯಿತು. ಟೇಲರ್ ನನಗೆ ಕೇಸರಿ ಬಣ್ಣದ ದೊಗಳೆ ಅಂಗಿ, ಅದೇ ಬಣ್ಣದ ಲುಂಗಿ ಹೊಲಿದಿದ್ದ. ಮುಖಕ್ಕೆ ನಾನೇ ಹಳದಿ ಬಣ್ಣ ಬಳಿದುಕೊಂಡೆ, ಡ್ರಾಯಿಂಗ್ ಮಾಸ್ತರನಲ್ಲವೇ. ಆಟ ಮುಗಿದಮೇಲೆ ನಮ್ಮ ಹೆಡ್ ಮಾಸ್ತರು ಅಕ್ಕಾವರ ಬಳಿ ಬಂದು, "ಭಾಳ ಮನಸ್ಸಿಗೆ ಹತ್ತಿತ್ರಿ. ಖರೆ, ಆ ಹೆಣ್ಮಕ್ಕಳ ಹಿಂದ ಅಡ್ಡಾಡಾಕತ್ತಿದ್ದ ಆ ಸನ್ಯಾಸಿ ಯಾರು?" ಎಂದು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಸನ್ಯಾಸಿ ಎಂಬ ಮಾತು ಮೈಯಲ್ಲಿ ಮುಳ್ಳಿನಂತೆ ಉಳಿಯಿತು. ಮುಂದಿನ ಆಟ ಬಸವನ ಬಾಗೇವಾಡಿಯಲ್ಲಿ. ಜನ ಚೆನ್ನಾಗಿ ಸೇರಿದ್ದರು. ರಂಗದ ನಡುವೆ ಬರುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ. ತೊಡೆ ತಟ್ಟಿ, "ಮೂರು ಲೋಕವನ್ನು ಬೆಳಗುವ ಸೂರ್ಯ ನಾನು! ನನ್ನನ್ನು ಮುಳುಗು ಎನ್ನುವವರು ಯಾರು?" ಎಂದು ಗರ್ಜಿಸಿ ನನ್ನ ಪ್ರಸಿದ್ಧ ನಗು ನಕ್ಕುಬಿಟ್ಟೆ. ಶಿಳ್ಳೆ ಬಿದ್ದವು, ಚಪ್ಪಾಳೆ ಬಿದ್ದವು. ನನ್ನ ಮುಂದೆ ನಿಂತಿದ್ದ ನಮ್ಮ ಕಾಲೇಜು ಹುಡುಗಿಯೊಬ್ಬಳು ಬೆಚ್ಚಿ ಕೈಯಲ್ಲಿನ ಚರಿಗೆಯನ್ನು ಬೀಳಿಸಿದಳು. ಅದು ಉರುಳುತ್ತ ಉರುಳುತ್ತ ಜನರ ನಡುವೆ ಹೋಯಿತು.

ಹಿಂದಿರುಗುವಾಗ ಟ್ರ್ಯಾಕ್ಸ್ ಜೀಪಿನಲ್ಲಿ ಅಕ್ಕಾವರು ಬೈಯಲಿಲ್ಲ. "ಚಪ್ಪಾಳಿ ಛಲೋ ಬಿತ್ತು, ಮಾಸ್ತರ. ಇನ್ನ ಮುಂದಿನ ಆಟದಾಗ ಎಷ್ಟು ಹಳೂವಾರ ನಡೀತೀರಿ ನೋಡೂಣು. ಮತ್ತ ಬಾಯಿ ತಗದ್ರ ಈ ಪಾರ್ಟು ಟೇಲರಗ." ಹಿಂದಿನ ಸೀಟಿನಲ್ಲಿ ಟೇಲರ್ ಕೆಮ್ಮಿದ. ಅಂಗಿ ಅಳತೆ ತೆಗೆಯುವಾಗಲೇ ಅವನು ತನ್ನ ಅಳತೆಗೂ ಸ್ವಲ್ಪ ಹೊಂದುವಂತೆ ಹೊಲಿದಿದ್ದನೆಂದು ನನಗೆ ಗುಮಾನಿ.

ಅಷ್ಟು ನಿಧಾನ, ಹಳೂವಾರ ಬೇಕೇ, ತಗೊಳ್ಳಲಿ ಎಂದು ನಾನು ಹಟ ಹಿಡಿದೆ. ಮುಂದಿನ ಆಟ ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿತ್ತು. ಕರೆಂಟಿನ ಭರವಸೆ ಇರಲಿಲ್ಲವಾದ್ದರಿಂದ ಸಂಜೆಯ ಬೆಳಕಿನಲ್ಲೇ ಆಡುವುದೆಂದಾಯಿತು. ಹೊಳೆಯ ಕಡೆ ನಿಜವಾದ ಸೂರ್ಯ ಇಳಿಯುತ್ತಿದ್ದ, ಊರ ಕಟ್ಟೆಯ ಮೇಲೆ ನಾನು. ಕಾಲು ಎತ್ತಿದ್ದು ಯಾರಿಗೂ ಕಾಣಬಾರದು, ಇಟ್ಟದ್ದು ಕಾಣಬಾರದು, ಹಾಗೆ ನಡೆದೆ. ಮೊದಲು ಹೆಂಗಸರು ಚರಿಗೆ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ನಗು ನಿಂತಿತು. ನರ್ಸಬಾಯಿಯ ಮೊಣಕಾಲು ನಡುಗುತ್ತಿತ್ತು, ಹಲಗೆಯ ಮೇಲೆ ಬೆರಳಷ್ಟೇ ಆಡುತ್ತಿತ್ತು.

"ಏ ಯಪ್ಪಾ, ಲಗೂ ಮುಳಗೋ!" ಎಂದಳು ಮುಂದೆ ಕೂತಿದ್ದ ಒಬ್ಬ ಮುದುಕಿ.

ನನಗೆ ಹಿಗ್ಗಾಯಿತು. ಒಂದು ಮಾತೂ ಆಡದೆ ಜನರನ್ನು ಹಿಡಿದಿಟ್ಟಿದ್ದೇನೆ ಎಂದುಕೊಂಡು ಇನ್ನಷ್ಟು ನಿಧಾನ ಮಾಡಿದೆ. "ಆ ಪೋರಿಗಿ ಅವಸರ ಆಗೇತಿ, ಕಾಣೂದಿಲ್ಲೇನು ನಿನಗ?" ಎಂದು ಇನ್ನೊಬ್ಬಳು. ನಾನು ನಿಂತೇಬಿಟ್ಟೆ. ಮುದುಕಿ ಎದ್ದಳು. ಕಟ್ಟೆ ಹತ್ತಿ ಬಂದು ಎರಡೂ ಕೈ ನನ್ನ ಬೆನ್ನಿಗೆ ಕೊಟ್ಟು ದೂಡಿದಳು. ಕಲಾವಿದ ಪಾತ್ರದಿಂದ ಕದಲಬಾರದು ಎಂದು ನಾನು ಕಾಲೂರಿ ನಿಂತೆ. ಆಗ ಉಳಿದವರೂ ಎದ್ದು ಬಂದರು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಕಟ್ಟೆಯ ಆಚೆ ಒಟ್ಟಿದ್ದ ಜೋಳದ ಕಣಿಕೆಯ ಮೇಲೆ ಬೋರಲು ಬಿದ್ದಿದ್ದೆ. ನಾನು ನಾಟಕವಿಲ್ಲದೆ ಬಿದ್ದದ್ದು ಅದೇ ಮೊದಲು ಎಂದು ಅಕ್ಕಾವರು ಆಮೇಲೆ ಹೇಳಿದರು.

ನಾನು ಕಣಿಕೆ ಕೊಡವಿಕೊಂಡು ಎದ್ದಾಗ ಆಟ ಮುಗಿದಿತ್ತು, ಮಾತು ಶುರುವಾಗಿತ್ತು. ಮುದುಕಿ ಕಟ್ಟೆಯ ಮೇಲೆಯೇ ನಿಂತು ಹಿಂದೆ ನಿಂತಿದ್ದ ಗಂಡಸರಿಗೆ ಹೇಳುತ್ತಿದ್ದಳು: "ನನ್ನ ಸೊಸಿ ಬಸುರಿ. ನೀರು ಕುಡ್ಯಾಕ ಅಂಜತಾಳ. ಪಂಚಾಯ್ತಿಯಾಂವ ಯಾಂವ ಅದಾನ, ಇಲ್ಲಿ ಬರ್ರಿ." ಪಂಚಾಯ್ತಿಯ ಸದಸ್ಯರೊಬ್ಬರು ಬಂದು ಎಲ್ಲಕ್ಕೂ ಹೂಂ ಎಂದರು. ಮುಂದೆ ಅಲ್ಲಿ ಹೆಂಗಸರಿಗಾಗಿ ಸಾಲಾಗಿ ಪಾಯಖಾನೆ ಕೋಣೆಗಳನ್ನು ಕಟ್ಟಿದರಂತೆ. ನೀರು ಮಾತ್ರ ಬರಲಿಲ್ಲ, ಹೆಚ್ಚಿನವುಗಳಲ್ಲಿ ಯಾರೋ ಮೇವು ತುಂಬಿದರು. ಒಂದಕ್ಕೆ ಮಾತ್ರ ಆ ಮುದುಕಿ ಕೀಲಿ ಹಾಕಿ, ಮನೆಯಿಂದ ನೀರು ಹೊರಿಸಿ, ಸೊಸೆಗಾಗಿ ಇಟ್ಟುಕೊಂಡಿದ್ದಾಳೆ ಎಂದು ನರ್ಸಬಾಯಿ ಹೇಳಿದರು.

ಅಂದಿನಿಂದ ಅಕ್ಕಾವರು ಆಟವನ್ನೇ ಬದಲಿಸಿದರು. ಸೂರ್ಯ ತಾನಾಗಿ ಮುಳುಗುವುದಿಲ್ಲ, ನೋಡುವ ಹೆಂಗಸರೇ ಎದ್ದು ಬಂದು ದೂಡಬೇಕು. ಹೇಳಿಕೊಡಬೇಕಾಗಿಯೇ ಇರಲಿಲ್ಲ, ಹೋದಲ್ಲೆಲ್ಲ ಬಂದರು. ಮುದ್ದೇಬಿಹಾಳದಲ್ಲಿ ಅಂಗಿಯ ತೋಳು ಹರಿಯಿತು. ಚಡಚಣದಲ್ಲಿ ಒಬ್ಬಾಕೆ ಮರಾಠಿಯಲ್ಲಿ ಬೈಯುತ್ತ ದೂಡಿದಳು. ಟೇಲರ್ ಈಗ ಪಾರ್ಟಿನ ಆಸೆ ಬಿಟ್ಟು ನನ್ನ ಅಂಗಿಯ ಮೊಣಕೈಗೆ ಹತ್ತಿ ತುಂಬುವ ಕೆಲಸಕ್ಕೆ ನಿಂತ. ನಾನೂ ಒಬ್ಬ ದೊಡ್ಡ ಕಲಾವಿದನಾಗಿಬಿಟ್ಟೆ ಎಂಬ ಭ್ರಮೆ ಮತ್ತೆ ಬಂತು, ಜನರಿಗೆ ನನ್ನ ಮೇಲೆ ಅಷ್ಟು ಸಿಟ್ಟು ಬರಬೇಕಾದರೆ ಅಭಿನಯ ಎಂಥದ್ದಿರಬೇಕು ಎಂದು.

ಈ ಉಬ್ಬಿನಲ್ಲೇ ನಾನು ನನ್ನ ಹೆಂಡತಿಯ ತವರು ಗೊಳಸಂಗಿಯಲ್ಲಿ ಒಂದು ಆಟ ಇಡಿಸಿದೆ. ಅತ್ತೆ, ಮಾವ, ಅವರ ಓಣಿ, ಎಲ್ಲರೂ ಬಂದರು. ಮೂವರು ಹೆಂಗಸರು ಕಾದರು, ಹಲಗೆ ಕಾಯಿತು. ನಾನು ನಡುರಂಗಕ್ಕೆ ಬಂದು, ಬೆನ್ನು ಸಡಿಲ ಬಿಟ್ಟು, ದೂಡಿಸಿಕೊಳ್ಳಲು ಸಿದ್ಧನಾಗಿ ನಿಂತೆ.

ಯಾರೂ ಏಳಲಿಲ್ಲ.

ನಾನು ಮೆಲ್ಲಗೆ ತಿರುಗಿ ನೋಡಿದೆ. ಹೆಂಗಸರೆಲ್ಲ ತಲೆಮೇಲೆ ಸೆರಗು ಎಳೆದುಕೊಂಡು ಕೂತಿದ್ದಾರೆ. ಗುಸುಗುಸು ಕೇಳಿಸಿತು: "ಹೋಗ ನೀ." "ನಾ ಹೆಂಗ ಹೋಗ್ಲೆವ್ವಾ? ಊರ ಅಳ್ಯಾರು ಅವರು. ಮೈಮ್ಯಾಲ ಕೈ ಹಾಕಾಕ ಬರ್ತೈತೇನು?" ಅಳಿಯನಿಗೆ ಊರು ತೋರಿಸುವ ಮರ್ಯಾದೆಯಲ್ಲಿ ನಾನು ರಂಗದ ಮೇಲೆ ಸಿಕ್ಕಿಬಿದ್ದೆ. ನರ್ಸಬಾಯಿಯ ಕಾಲು ಈಗ ಅಭಿನಯವಿಲ್ಲದೆಯೇ ನಡುಗುತ್ತಿತ್ತು. ಹಲಗೆಯ ಹಿರಿಯರು ಕೈ ಬದಲಿಸಿದರು. ಅಕ್ಕಾವರು ಬದಿಯಲ್ಲಿ ನಿಂತು ಕಣ್ಣು ಮುಚ್ಚಿಕೊಂಡಿದ್ದರು. ತಾನಾಗಿಯೇ ಮುಳುಗೋಣವೆಂದರೆ ಅಪ್ಪಣೆ ಇಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ಎದ್ದಳು. ಅವಳ ತಾಯಿ ಸೀರೆಯ ಚುಂಗು ಹಿಡಿದು ಎಳೆದರು, ಅವಳು ಬಿಡಿಸಿಕೊಂಡಳು. ತವರಿನ ಅಷ್ಟೂ ಮಂದಿಯ ಎದುರಿಗೆ ರಂಗಕ್ಕೆ ಬಂದು, ಸೆರಗನ್ನು ಸೊಂಟಕ್ಕೆ ಸಿಗಿಸಿ, ನನ್ನ ಬೆನ್ನಿಗೆ ಕೈಕೊಟ್ಟಳು. ಕಿವಿಯ ಹತ್ತಿರ ಬಗ್ಗಿ, "ಎಷ್ಟ ವರ್ಷದ ಆಸೇರಿ ಇದು," ಎಂದಳು. ನಾನು ಎಷ್ಟೋ ಊರುಗಳಲ್ಲಿ ದೂಡಿಸಿಕೊಂಡಿದ್ದೆ, ಆ ಜೋರು ಎಲ್ಲೂ ಇರಲಿಲ್ಲ. ಜನ ಹೋ ಎಂದು ಎದ್ದರು. ಊಟಕ್ಕೆ ಕುಳಿತಾಗ ಅತ್ತೆ ನನ್ನ ತಾಟಿಗೆ ರೊಟ್ಟಿ ಹಾಕುತ್ತ, "ಅಳ್ಯಾರಿಗಿ ಪೆಟ್ಟಾತೇನ್ರಿ?" ಎಂದು ಮೃದುವಾಗಿ ಕೇಳಿದರು. ಒಳಗೆ ಹೋಗಿ ಮಗಳಿಗೆ, "ಛಲೋ ದೂಡಿದಿ," ಎಂದದ್ದೂ ನನಗೆ ಕೇಳಿಸಿತು.

ಮರುದಿನ ಬಸ್ಸಿನಲ್ಲಿ ಬರುವಾಗ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ನಾ ಸಣ್ಣಾಕಿದ್ದಾಗ ಮಧ್ಯಾಹ್ನದ ಮ್ಯಾಲ ನಮ್ಮವ್ವ ನನಗ ನೀರ ಕೊಡ್ತಿರಲಿಲ್ಲ. ಅತ್ತರೂ ಕೊಡ್ತಿರಲಿಲ್ಲ. ಆಕೀನೂ ಕುಡೀತಿರಲಿಲ್ಲ." ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಮತ್ತೆ ಮುಚ್ಚಿಕೊಂಡೆ. ಬಾಗೇವಾಡಿ ದಾಟುವವರೆಗೂ ಸುಮ್ಮನೆ ಕುಳಿತಿದ್ದೆ, ಅದು ನನ್ನ ಮಟ್ಟಿಗೆ ದೊಡ್ಡ ಸಾಧನೆ.

ಕೆಲವು ತಿಂಗಳ ಮೇಲೆ ಎಂಜಿನಿಯರಿಗೆ ವರ್ಗವಾಯಿತು, ಅಕ್ಕಾವರು ಹೋದರು. ತಂಡದ ಹೊಣೆ ಸಹಜವಾಗಿ ನನ್ನ ಮೇಲೆ ಬಿತ್ತೆಂದುಕೊಂಡು ನಾನೊಂದು ಹೊಸ ನಾಟಕ ಬರೆದೆ. ಅದರಲ್ಲಿ ಸೂರ್ಯ, ಚಂದ್ರ ಇಬ್ಬರಿಗೂ ಉದ್ದುದ್ದ ಮಾತುಗಳಿದ್ದವು. ಗೋದಾಮಿನಲ್ಲಿ ಎಲ್ಲರನ್ನೂ ಕೂಡಿಸಿ ಓದಿದೆ. ಮುಗಿಸಿ ತಲೆಯೆತ್ತಿದಾಗ ನರ್ಸಬಾಯಿ, "ಭಾಳ ಛಲೋ ಐತ್ರಿ ಮಾಸ್ತರ. ಹಳೇದ್ನ ಮಾಡೂಣು," ಎಂದರು. ಕಾಲೇಜು ಹುಡುಗಿಯೊಬ್ಬಳಿಗೆ ಮದುವೆ ಗೊತ್ತಾಗಿತ್ತು, ಅವಳ ಜಾಗಕ್ಕೆ ಯಾರು ಎಂದು ನಾನು ಯೋಚಿಸುತ್ತಿರುವಾಗಲೇ ನನ್ನ ಹೆಂಡತಿ ತಾಲೀಮಿಗೆ ಬರತೊಡಗಿದಳು. ಸೂರ್ಯನ ಪಾರ್ಟನ್ನು ಎಲ್ಲರೂ ಸೇರಿ ಟೇಲರ್‌ಗೆ ಕೊಟ್ಟರು. ನನ್ನ ಸೊಂಟ ಹಿಡಿದುಕೊಂಡಿದೆ ಎಂದು ಕಾರಣ ಕೊಟ್ಟರು. ಅದು ಅಷ್ಟೇನೂ ಹಿಡಿದುಕೊಂಡಿರಲಿಲ್ಲ.

ಸಿಂದಗಿಯ ಆಟದ ದಿನ ನಾನು ಮೊದಲ ಸಲ ಜನರ ನಡುವೆ ಕುಳಿತೆ. ಅಲ್ಲಿಯತನಕ ನಾನು ನೋಡಿದ್ದು ನೋಡುವವರನ್ನಷ್ಟೇ. ಆ ಮೂವರ ಬೆನ್ನಷ್ಟೇ ನನಗೆ ಕಾಣುತ್ತಿತ್ತು. ಈಗ ನೋಡಿದೆ. ನನ್ನ ಹೆಂಡತಿ ಚರಿಗೆಯನ್ನು ಹೊಟ್ಟೆಗೆ ಒತ್ತಿಕೊಂಡು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು, ತುಟಿ ಒಣಗಿಸಿಕೊಂಡು. ಅವಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಗೃಹಸ್ಥರು, "ಇದು ಏನ್ ನಡದೈತ್ರಿ? ಮಾತ ಇಲ್ಲಲ್ಲಾ?" ಎಂದು ಕೇಳಿದರು. ಬೇರೆ ದಿನವಾಗಿದ್ದರೆ ಅವರಿಗೆ ಇಡೀ ಕಥೆ ಹೇಳುತ್ತಿದ್ದೆ. ಅಂದು ತುಟಿಗೆ ಬೆರಳಿಟ್ಟು ರಂಗದ ಕಡೆ ತೋರಿಸಿದೆ.