ಗುಡ್ಡದ ಒರತೆಗೆ ಸಿಮೆಂಟು

ದೇವದುರ್ಗದ ಕಡೆಯ ಈ ಕುರುಚಲು ಕಾಡಿನ ಗುಡ್ಡದಲ್ಲಿ, ಬಂಡೆಯ ಬಿರುಕಿನಿಂದ ಬೇಸಿಗೆಯಲ್ಲೂ ನೀರು ಜಿನುಗುತ್ತದೆ ಎಂದು ಕೇಳಿ ಹತ್ತಿ ಬಂದೆ. ಬಿರುಕಿಗೆ ಸಿಮೆಂಟು ಮೆತ್ತಿ, ಅದರ ಮೇಲೊಂದು ತೊಟ್ಟಿ ಕಟ್ಟಿದ್ದಾರೆ. ತೊಟ್ಟಿ ಒಣಗಿದೆ. ಗೋಡೆಯ ಮೇಲೆ 'ನೀರನ್ನು ಮಿತವಾಗಿ ಬಳಸಿ' ಎಂಬ ಬರಹ. ಬರೆದ ಪುಣ್ಯಾತ್ಮನಿಗೆ ನಮಸ್ಕಾರ.

ಕುರಿ ಕಾಯುವ ಮುದುಕಿಯೊಬ್ಬಳು ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ತೊಟ್ಟಿಯ ಹತ್ತಿರ ಬಂದಳು.

"ನೀರು ಸೋರಿ ಹೋಗ್ತದಂತ ಬಿರುಕು ಮುಚ್ಚಿದ್ರು. ಸಿಮೆಂಟು ನಾವ ಹೊತ್ತು ತಂದಿದ್ವಿರೀ," ಎಂದಳು.

ನನ್ನ ಬಾಟಲಿ ಕೊಟ್ಟೆ. ಕುಡಿಯುವ ಮೊದಲು ಬಂಡೆಯ ಕುಳಿಗೆ ಒಂದಿಷ್ಟು ಸುರಿದಳು.

"ಇಲ್ಲಿ ಮೊದಲ ಬೊಗಸಿ ಹಕ್ಕಿಗ್ರಿ."

ಕುಳಿಯ ನೀರು ಆರುವವರೆಗೂ ಇಬ್ಬರೂ ನೋಡುತ್ತ ಕೂತೆವು. ಹಕ್ಕಿ ಬರಲಿಲ್ಲ.