ಗುತ್ತಲಿನ ದೇವಿರಮ್ಮನೂ ಮಾಲಿನ ಇಂದ್ರಿಯೂ

ಹೆದ್ದಾರಿಯಲ್ಲಿ ಶಾಪಿಂಗ್ ಮಾಲು ಬರುವವರೆಗೂ ಆ ಮನೆಯಲ್ಲಿ ದೇವಿರಮ್ಮನ ಮಾತೇ ನಡೆಯುತ್ತಿತ್ತು. ಹಿರಿಸೊಸೆ ಬೇರೆ, ಅಂಗಡಿಯಮ್ಮ ಬೇರೆ. ಗುತ್ತಲಿನ ತಮ್ಮ ಮನೆಯ ಬೀದಿಬದಿ ಕೋಣೆಯಲ್ಲೇ ಫ್ಯಾನ್ಸಿ ಸ್ಟೋರ್ ಇಟ್ಟಿದ್ದಳು. ಬಳೆ, ಟೇಪು, ಟಿಕ್ಲಿ, ಪಿನ್ನು, ಪೌಡರು. ಗೌರಿಹಬ್ಬ ಬಂತೆಂದರೆ ಬೀದಿಯ ಹೆಂಗಸರೆಲ್ಲ ಅವಳೆದುರು ಕೈ ಚಾಚಿಕೊಂಡು ಕೂರುತ್ತಿದ್ದರು. ಒಂದು ಬಳೆಯೂ ಒಡೆಯದಂತೆ ತೊಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮೈದುನನ ಹೆಂಡತಿ ಇಂದ್ರಮ್ಮ ನಿಡಘಟ್ಟದವಳು. ಮದುವೆಯಾಗಿ ಬಂದಾಗಿನಿಂದ ಒಲೆ, ಹಸು, ಕಸಮುಸುರೆ ಅಂತ ಒಳಗೇ ಇದ್ದಳು. ದೇವಿರಮ್ಮ ಕೂಗಿದರೆ 'ಬಂದೆ ಅಕ್ಕ' ಅಂತ ಓಡಿಬರುತ್ತಿದ್ದಳು.

ಹನಕೆರೆ ಕಡೆ ಹೋಗುವ ಹೆದ್ದಾರಿಯಲ್ಲಿ, ಕಬ್ಬು ಬೆಳೆಯುತ್ತಿದ್ದ ಜಾಗದಲ್ಲಿ, ಮೂರಂತಸ್ತಿನ ಗಾಜಿನ ಮಾಲು ಎದ್ದಿತು. ಬೆಂಗಳೂರಿಂದ ಮೈಸೂರಿಗೆ ಹೋಗುವ ಕಾರುಗಳೆಲ್ಲ ಅಲ್ಲಿ ನಿಲ್ಲತೊಡಗಿದವು. ಕೆಲಸಕ್ಕೆ ಹೆಣ್ಣುಮಕ್ಕಳು ಬೇಕು ಅಂತ ಬೋರ್ಡು ಹಾಕಿದ್ದನ್ನು ನೋಡಿ ಇಂದ್ರಮ್ಮ ಯಾರಿಗೂ ಹೇಳದೆ ಹೋಗಿ ವಿಚಾರಿಸಿಕೊಂಡು ಬಂದಳು. ಪಿಯುಸಿ ಓದಿದ್ದಳಲ್ಲ, ಸೌಂದರ್ಯ ಸಾಮಾನಿನ ಕೌಂಟರಿಗೆ ತೆಗೆದುಕೊಂಡರು.

"ಬಳೆ ಮಾರೋಕೆ ಅಷ್ಟು ದೂರ ಓಗ್ಬೇಕೇನೆ? ಇಲ್ಲಿಲ್ವಾ ಬಳೆ?" ಅಂದಳು ದೇವಿರಮ್ಮ.

"ನೀನು ಯಾವತ್ತಾದ್ರೂ ಅಂಗ್ಡಿ ಒಳಕ್ಕೆ ಕರ್ದಿದ್ದೀಯಾ ಅಕ್ಕ?" ಅಂದಳು ಇಂದ್ರಮ್ಮ, ನಗುತ್ತಲೇ.

ಆ ನಗು ದೇವಿರಮ್ಮನಿಗೆ ಮುಳ್ಳಿನಂತೆ ನಾಟಿತು.

ಆಮೇಲಿನ ವರ್ಷಗಳು ಅವಳ ಪಾಲಿಗೆ ಬಲು ಉರಿಯ ವರ್ಷಗಳು. ಇಂದ್ರಮ್ಮ ನೀಲಿ ಕೋಟು ತೊಟ್ಟು, ಕತ್ತಿಗೆ ಕಾರ್ಡು ಹಾಕಿಕೊಂಡು, ತುಟಿಗೆ ತೆಳ್ಳಗೆ ಬಣ್ಣ ಬಳಿದುಕೊಂಡು ಬಸ್ಸಿಗೆ ಹೋದರೆ ಬೀದಿಗೆ ಬೀದಿಯೇ ನೋಡುತ್ತಿತ್ತು. ಅತ್ತೆ ಅಂಕಮ್ಮ ಒಂದು ದಿನ ಮಾಲಿಗೆ ಹೋಗಿ, ಓಡುವ ಮೆಟ್ಟಿಲ ಮೇಲೆ ಸೊಸೆಯ ಕೈಹಿಡಿದು ನಿಂತು ಬಂದಳು. ಅದನ್ನು ನೀರಿಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. "ನಮ್ಮ ಇಂದ್ರಿ ಇಲ್ದಿದ್ರೆ ಬಿದ್ದೇ ಓಗ್ತಿದ್ದೆ ಕಣಮ್ಮ. ಅಲ್ಲಿ ಎಲ್ರೂ ಅವ್ಳ್ನ ಮೇಡಮ್ಮು ಅಂತರೆ!" ದೇವಿರಮ್ಮನ ಸ್ವಂತ ಮಗಳು ದೀಪಿಕ ಕೂಡ ಹುಟ್ಟುಹಬ್ಬಕ್ಕೆ ಅಮ್ಮನ ಅಂಗಡಿಯ ಕ್ಲಿಪ್ಪು ಬೇಡವೆಂದು, ಚಿಕ್ಕಮ್ಮ ತಂದುಕೊಟ್ಟದ್ದನ್ನೇ ಮುಡಿದಳು. ಆ ರಾತ್ರಿ ದೇವಿರಮ್ಮನಿಗೆ ಊಟ ಸೇರಲಿಲ್ಲ. ಗಂಡ ಕೆಂಪರಾಜು "ಒಟ್ಟೆ ಸರಿ ಇಲ್ವಾ?" ಅಂದ. "ಇಲ್ಲ" ಅಂದಳು. ಸುಳ್ಳೇನಲ್ಲ ಅದು.

ಎಷ್ಟು ಕರೆದರೂ ಅವಳು ಮಾಲಿನ ಬಾಗಿಲು ತುಳಿಯಲಿಲ್ಲ. "ಅಲ್ಲಿ ಕಾಲಿಗೆ ತಂಡಿ ಒಡೀತದಂತೆ" ಅನ್ನುತ್ತಿದ್ದಳು. ಮನಸ್ಸಿನಲ್ಲಿ ಮಾತ್ರ, ಇದು ಹಾಳಾಗಿ ಹೋಗಲಿ ಅಂತ ಊರದೇವರು ಅರ್ಕೇಶ್ವರನಿಗೆ ದಿನಾ ಕೈಮುಗಿಯುತ್ತಿದ್ದಳು.

ದೇವರು ಕೇಳಿಸಿಕೊಂಡನೋ ಏನೋ. ಮೊದಲು ಲಾಕ್‌ಡೌನು ಬಂದು ಮೇಲಿನ ಅಂತಸ್ತು ಮುಚ್ಚಿತು. ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಹೊಸ ದೊಡ್ಡ ರಸ್ತೆ ಊರನ್ನೇ ಬಳಸಿಕೊಂಡು ಹೋಯಿತು. ಕಾರುಗಳೆಲ್ಲ ಅಲ್ಲಿಂದಲೇ ಹಾರಿ ಹೋದವು, ಹಳೆ ರಸ್ತೆಯಲ್ಲಿ ಟ್ರ್ಯಾಕ್ಟರು, ಎಮ್ಮೆ ಉಳಿದವು. ಊರಿನವರು ಫೋನಿನಲ್ಲೇ ಸಾಮಾನು ತರಿಸತೊಡಗಿದರು. ಮಾಲಿನ ಅಂಗಡಿಗಳು ಒಂದೊಂದಾಗಿ ಶಟರು ಎಳೆದವು.

ಆಗ ದೇವಿರಮ್ಮ ಮೊದಲ ಸಲ ಮಾಲಿಗೆ ಹೋದಳು. ಮದ್ದೂರಿಗೆ ಸರಕು ತರಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ನಡುದಾರಿಯಲ್ಲೇ ಇಳಿದುಬಿಟ್ಟಳು. ಕಣ್ತುಂಬ ನೋಡಬೇಕಿತ್ತು. ಓಡುವ ಮೆಟ್ಟಿಲು ನಿಂತಿತ್ತು. ಕಾರಂಜಿಯ ತೊಟ್ಟಿಯಲ್ಲಿ ಕಸ ಬಿದ್ದಿತ್ತು. ಸೆಕೆಗೆ ಕಾವಲುಗಾರ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಆ ಬರಿದಾದ ಮಾಲಿನಲ್ಲಿ ಇಂದ್ರಮ್ಮ ಒಬ್ಬಳೇ ತನ್ನ ಕೌಂಟರಿನಲ್ಲಿ ನಿಂತು ಡಬ್ಬಿಗಳನ್ನು ಒರೆಸುತ್ತಿದ್ದಳು. ನೀಲಿ ಕೋಟು, ತಿದ್ದಿದ ಹುಬ್ಬು, ಎಲ್ಲ ಹಾಗೇ ಇತ್ತು.

ದೇವಿರಮ್ಮ ಕಂಬದ ಹಿಂದೆ ನಿಂತಳು. ಖುಷಿ ಬರಲಿ ಅಂತ ಕಾದಳು.

ಅಷ್ಟರಲ್ಲಿ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಬಂದು ಬಾತ್‌ರೂಮು ಎಲ್ಲಿದೆ ಅಂತ ಕೇಳಿದಳು. ಇಂದ್ರಮ್ಮ ತೋರಿಸಿದಳು. ಆ ಹೆಂಗಸು ವಾಪಸು ಬರುವಾಗ ಇಂದ್ರಮ್ಮ ಮಗುವಿನ ಕೆನ್ನೆ ಸವರಿ, "ಅಮ್ಮನ ಬಣ್ಣ ಬಂದದೆ ಇದಕ್ಕೆ" ಅಂದಳು. ತಾಯಿಯ ಕೈ ಹಿಡಿದು ಅದರ ಮೇಲೆ ಒಂದು ತುಟಿಬಣ್ಣ ಹಚ್ಚಿ, ಬೆಳಕಿಗೆ ತಿರುಗಿಸಿ ತೋರಿಸಿದಳು. ಕೊಳ್ಳಬೇಕೆಂದು ಬಂದವಳೇ ಅಲ್ಲದ ಆ ಹೆಂಗಸು ಎರಡು ಸಾಮಾನು ಕೊಂಡು, ನಗುತ್ತಾ ಹೋದಳು.

ದೇವಿರಮ್ಮನ ಎದೆ ಧಗ್ಗೆಂದಿತು. ಮಾಲು ಮುಳುಗಿದರೂ ಇವಳು ಮುಳುಗಲ್ಲವಲ್ಲ! ಬಂದ ದಾರಿಯಲ್ಲೇ ಹಿಂದಿರುಗಿದಳು.

ದಸರೆ ಕಳೆದ ಮೇಲೆ ಮಾಲು ಪೂರ್ತಿ ಮುಚ್ಚಿತು. ಇಂದ್ರಮ್ಮ ಮತ್ತೆ ಒಲೆ ಮುಂದೆ ಕೂತಳು. "ನಿನ್ನಂಗ್ಡೀಲೇ ಸೇರಿಸ್ಕಳವ್ವ" ಅಂತ ಅಂಕಮ್ಮ ಅಂದಾಗ ದೇವಿರಮ್ಮ, "ನನ್ನಂಗ್ಡಿ ನನ್ಗೇ ಸಾಲ್ದು, ಬುಡತ್ತೆ" ಅಂದುಬಿಟ್ಟಳು. ಆದರೆ ವಾರ ಕಳೆಯುವಷ್ಟರಲ್ಲಿ, ಪೇಟೆಬೀದಿಯ ದೊಡ್ಡ ಫ್ಯಾನ್ಸಿ ಸ್ಟೋರಿನವರು ಇಂದ್ರಮ್ಮನನ್ನು ಕರೆದಿದ್ದಾರೆ ಅನ್ನುವ ಸುದ್ದಿ ಬಂತು. ಇವಳೇನಾದರೂ ಅಲ್ಲಿ ನಿಂತರೆ ಗುತ್ತಲಿನ ಹೆಂಗಸರೆಲ್ಲ ಅಲ್ಲಿಗೇ ಹೋಗುತ್ತಾರೆ! ದೇವಿರಮ್ಮ ಬೆಳಗಾಗುತ್ತಲೇ ಅಡುಗೆಮನೆಗೆ ಬಂದು, ಮುಖ ನೋಡದೆ, "ಇವತ್ತಿಂದ ಅಂಗ್ಡಿಗೆ ಬಾ" ಅಂದಳು.

ವ್ಯಾಪಾರವೇನೋ ಕುದುರಿತು. ಆದರೆ ಬಂದವರೆಲ್ಲ "ಇಂದ್ರಕ್ಕ ಎಲ್ಲಿ?" ಅನ್ನತೊಡಗಿದರು. ಒಂದು ಮಧ್ಯಾಹ್ನ ಮದುವೆ ಗೊತ್ತಾದ ಹುಡುಗಿಯೊಬ್ಬಳು ಬಂದು ಅದನ್ನೇ ಕೇಳಿದಳು. ಇಂದ್ರಮ್ಮ ಪರದೆಯ ಹಿಂದೆಯೇ ಬಳೆಯ ಪೆಟ್ಟಿಗೆ ಬಿಚ್ಚುತ್ತಿದ್ದಳು.

"ಇವತ್ತು ಬರಲ್ಲ ಅವ್ಳು" ಅಂದಳು ದೇವಿರಮ್ಮ.

ಹುಡುಗಿ ಮೆಟ್ಟಿಲಿಳಿದಳು. ಪರದೆ ಸರಿಯಿತು. ಇಂದ್ರಮ್ಮ ಕೋಪ ಮಾಡಲಿಲ್ಲ, ಅಲ್ಲೇ ನೆಲದ ಮೇಲೆ ಕಾಲು ನೀಡಿ ಕೂತಳು. ಪಾದ ಊದಿತ್ತು.

"ಮಾಲಲ್ಲಿ ಕೂರೋ ಅಂಗಿರ್ಲಿಲ್ಲ ಅಕ್ಕ, ದಿನವೆಲ್ಲ ನಿಂತೇ ಇರ್ಬೇಕಿತ್ತು. ಸಂಜೆ ಮನೆಗೆ ಬಂದಾಗ ನೀನು ಈ ಸ್ಟೂಲ್ ಮೇಲೆ, ನಿನ್ನ ಸ್ವಂತ ಅಂಗ್ಡೀಲಿ, ಕಾಲ್ಮೇಲೆ ಕಾಲಾಕ್ಕೊಂಡು ಕೂತಿರ್ತಿದ್ದೆ. ನೋಡಿ ಒಟ್ಟೆ ಉರೀತಿತ್ತು ನಂಗೆ."

ದೇವಿರಮ್ಮ ಸ್ಟೂಲಿನಿಂದ ಎದ್ದಳು. ಇಷ್ಟು ವರ್ಷ ತಾನು ಗಂಟಲಲ್ಲಿಟ್ಟುಕೊಂಡು ನವೆದ ಮಾತನ್ನು ಇವಳು ನೀರು ಕುಡಿದಷ್ಟು ಸಲೀಸಾಗಿ ಹೇಳಿಬಿಟ್ಟಳಲ್ಲ! ಇದರಲ್ಲೂ ಇವಳೇ ಮುಂದೆ. ಮತ್ತೆ ಉರಿ ಎದ್ದಿತು, ಜೊತೆಗೆ ಕಣ್ಣಲ್ಲಿ ನೀರೂ ಬಂತು.

ಸ್ಟೂಲನ್ನು ಕಾಲಿನಿಂದ ಇಂದ್ರಮ್ಮನ ಕಡೆಗೆ ತಳ್ಳಿ, ಬಾಗಿಲಿಗೆ ಬಂದು ಬೀದಿಗೆ ಕೇಳುವ ಹಾಗೆ ಕೂಗಿದಳು:

"ಏ ಉಡುಗೀ, ಬಾ ಇಲ್ಲಿ! ಒಳಗೇ ಅವ್ಳೆ ಇಂದ್ರಿ. ಬಣ್ಣ ಅವ್ಳು ಆರಿಸ್ಕೊಡ್ತಾಳೆ. ಬಳೆ ಮಾತ್ರ ನಾನೇ ತೊಡ್ಸೋದು!"