ಟವೆಲ್ ಕೆಳಗಿನ ರಿಪೋರ್ಟು

ಬೈಲಹೊಂಗಲದ ಮಲ್ಲೇಶಪ್ಪ ರಕ್ತದ ರಿಪೋರ್ಟನ್ನು ಬಾಯಿಂದ ಹೇಳುತ್ತಿರಲಿಲ್ಲ. ಹೆಗಲ ಮೇಲಿನ ಟವೆಲ್ ಇಳಿಸಿ ರೋಗಿಯ ಕೈಗೆ ಹೊದಿಸಿ, ಒಳಗೆ ತನ್ನ ಕೈ ತೂರಿಸಿ, ಬೆರಳು ಹಿಡಿದು ತಿಳಿಸುತ್ತಿದ್ದ. ಅವನಪ್ಪ ದನದ ಸಂತೆಯ ದಲಾಲಿ, ಎತ್ತಿನ ದರ ಕುದುರಿಸುತ್ತಿದ್ದುದೂ ಹಾಗೆಯೇ. ಮಗ ಲ್ಯಾಬಿನ ಕೆಲಸ ಕಲಿತು ಬಂದು ಅಂಗಡಿ ಹಾಕಿದರೂ ಟವೆಲ್ ಬಿಡಲಿಲ್ಲ.

"ಲಿವರ್ ಕೆಟ್ಟೈತಿ ಅಂದ್ರ ಸಾಕು, ಬೆಂಚಿನ ಮ್ಯಾಲಿನ ಮಂದಿ ಕುಡುಕ ಅಂತ ಡಂಗುರಾ ಹೊಡೀತಾರ್ರಿ," ಅನ್ನುತ್ತಿದ್ದ. ಅದೂ ಖರೇನೇ.

ಎರಡು ಸಾವಿರದ ಇಸವಿಯ ಆಚೀಚೆ ದೊಡ್ಡ ಊರಿನ ಡಾಕ್ಟರೊಬ್ಬರು ಅವನಿಗೊಂದು ಲೆಕ್ಕ ಬರೆದುಕೊಟ್ಟಿದ್ದರು. ಮೊದಲೇ ಲಿವರ್ ತೊಂದರೆ ಇದ್ದವರಲ್ಲಿ ಕ್ಯಾನ್ಸರನ್ನು ಬೇಗ ಹಿಡಿಯಲು. ರಕ್ತದಲ್ಲಿನ ಒಂದು ಪ್ರೋಟೀನು ಏರಿದಷ್ಟೂ ಅಂಕ, ಪ್ಲೇಟ್‌ಲೆಟ್ ಇಳಿದಿದ್ದರೆ ಒಂದು, ಐವತ್ತು ದಾಟಿದ್ದರೆ ಒಂದು, ಗಂಡಸಾಗಿದ್ದರೆ ಒಂದು. ಅಂಕಕ್ಕೊಂದು ಬೆರಳು. ಐದೂ ತುಂಬಿದರೆ ಸ್ಕ್ಯಾನಿಂಗಿಗೆ ಓಡಬೇಕು. "ರೋಗ ಐತಿ ಅಂತಲ್ಲರೀ, ಹುಡುಕ್ರಿ ಅಂತ," ಎಂದು ಎಲ್ಲರಿಗೂ ಹೇಳುತ್ತಿದ್ದ.

ಆದರೆ ಟವೆಲ್ ಕಂಡ ಮೇಲೆ ನಮ್ಮ ಮಂದಿ ಚೌಕಾಶಿ ಬಿಡುತ್ತಾರೆಯೇ? ಕಟಕೋಳದ ಒಬ್ಬ ರೈತ, "ಗಂಡಸ ಆಗಿದ್ದಕ್ಕ ಒಂದ ಬೆರಳ? ಇದ್ಯಾವ ನ್ಯಾಯರೀ? ಅದೊಂದ ಬಿಟ್ಟ ಬಿಡ್ರಿ," ಎಂದು ಜಗ್ಗಾಡಿದ. ಬೆಂಚಿನಿಂದ ಅವನ ಹೆಂಡತಿ ಕೂಗಿದಳು: "ಬಿಡಬ್ಯಾಡ್ರಿ! ಇಷ್ಟ ದಿನಾ ಗಂಡಸ ಅಂತ ಮೆರದಾನ, ಅನುಭವಸ್ಲಿ!"

ನಾನೇನು ಕಡಿಮೆಯವನಲ್ಲ. ಮುರಗೋಡದ ಸಾಲಿ ಮಾಸ್ತರ. ನಮ್ಮ ಅಣ್ಣ ಹೊಟ್ಟೆ ಊದಿ ಸತ್ತಿದ್ದ. ಅವನ ಲಿವರ್ ತಿಂದ ವೈರಸ್ಸೇ ನನ್ನ ರಕ್ತದಲ್ಲೂ ಇತ್ತು. ಆರು ತಿಂಗಳಿಗೊಮ್ಮೆ ಬಂದು ರಕ್ತ ಕೊಡುತ್ತಿದ್ದೆ. ಒಂದು ಸಲ ಮಲ್ಲೇಶಪ್ಪ ನನ್ನ ನಾಲ್ಕು ಬೆರಳು ಹಿಡಿದು ಐದನೆಯದರ ಹತ್ತಿರ ನಿಂತ.

"ವಯಸ್ಸೆಷ್ಟ್ರಿ?"

"ನಲವತ್ತೇಳು. ಸರ್ವಿಸ್ ಬುಕ್ ತೋರಸಲೇನು?"

ನನ್ನನ್ನು ಸಾಲಿಗೆ ಹಾಕುವಾಗ ಹಳೆಯ ಮಾಸ್ತರರು ಹುಟ್ಟಿದ ದಿನ ಜೂನ್ ಒಂದು ಎಂದು ತೋಚಿದ ವರ್ಷ ಹಾಕಿ ಬರೆದಿದ್ದರು, ವಯಸ್ಸು ನಾಲ್ಕು ವರ್ಷ ಕಡಿಮೆ. ನನಗದು ಗೊತ್ತಿತ್ತು. ಆದರೆ ಅಣ್ಣ ಸ್ಕ್ಯಾನಿಂಗ್ ಮಾಡಿಸಿ ಬಂದ ವಾರವೇ ಹಾಸಿಗೆ ಹಿಡಿದವನು. ಮಷಿನ್ ನೋಡದಿದ್ದರೆ ಒಳಗೆ ಗಂಟೂ ಇರುವುದಿಲ್ಲ ಅಂತ ನನ್ನ ಲೆಕ್ಕ. ಹೆದರಿ ಸತ್ತಿದ್ದೆ, ಅಷ್ಟೇ.

"ಬಾಯಿ ತಗೀರಿ ಮಾಸ್ತರ," ಎಂದ. ಗದ್ದ ಎತ್ತಿ ಬ್ಯಾಟರಿ ಬಿಟ್ಟು ನೋಡಿದ. "ದವಡಿ ಹಲ್ಲ ಸವದ ಹೋಗ್ಯಾವು. ಐವತ್ತ ದಾಟೇತಿ."

"ನಾ ಏನ ಎತ್ತೇನ್ರಿ?"

"ಎತ್ತ ಆಗಿದ್ರ ಸುಳ್ಳ ಹೇಳತಿದ್ದಿಲ್ಲ."

ಐದನೆಯ ಬೆರಳೂ ಹಿಡಿದ. ನಾನು ಕೈ ಎಳೆದೆ, ಅವನು ಬಿಡಲಿಲ್ಲ. "ಬೆಳಗಾವಿ ಬಸ್ ಹತ್ತತೇನಿ ಅನ್ನೂತನಕಾ ಬಿಡೂದಿಲ್ಲ." ಇಬ್ಬರೂ ಬಾಗಿಲ ತನಕ ಜಗ್ಗಾಡಿದೆವು. ಹಾದು ಹೋಗುತ್ತಿದ್ದವನೊಬ್ಬ ನಿಂತು, "ಜೋಡಿ ಎಷ್ಟಕ್ಕ ಮುಗೀತ್ರಿ?" ಎಂದು ಕೇಳಿದ. ನಾಚಿಕೆಗೆ ಹೂಂ ಅಂದುಬಿಟ್ಟೆ.

ಬೆಳಗಾವಿಯಲ್ಲಿ ಲಿವರಿನೊಳಗೆ ಶೇಂಗಾ ಕಾಳಿನಷ್ಟು ಗಂಟು ಸಿಕ್ಕಿತು. ಕೊಯ್ದು ತೆಗೆದರು. ತಡ ಮಾಡಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದರು. ಗುಣವಾಗಿ ಬಂದು ನಿಂತಾಗ ಮಲ್ಲೇಶಪ್ಪ ಮತ್ತೆ ಬಾಯಿ ತೆಗೆಸಿ ನೋಡಿ, "ಇನ್ನ ಇಪ್ಪತ್ತ ವರ್ಷ ಹೂಡಬಹುದು," ಎಂದ. ನನಗೆ ನಗು, ಅಳು ಎರಡೂ ಬಂತು.

ಕೆಲವು ವರ್ಷಕ್ಕೆ ಅವನ ಎದೆಯೇ ಸೋತಿತು. ತೀರಿಕೊಳ್ಳುವ ಹಿಂದಿನ ವಾರ ನೋಡಲು ಹೋಗಿದ್ದೆ. ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ದಿಂಬಿನ ಪಕ್ಕದ ಟವೆಲ್ಲಿನತ್ತ ಕಣ್ಣು ತೋರಿಸಿದ. ನಾನೇ ಇಬ್ಬರ ಕೈಗೂ ಹೊದಿಸಿದೆ. ಒಳಗೆ ನನ್ನ ಐದೂ ಬೆರಳು ಹಿಡಿದ. ನಾನು ಕೇಳಿದೆ:

"ಯಾರ ರಿಪೋರ್ಟ್ರಿ ಇದು? ನಂದೋ ನಿಮ್ಮದೋ?"

"ಎಣಸಬ್ಯಾಡ್ರಿ ಮಾಸ್ತರ," ಎಂದ. "ಸುಮ್ನ ಹಿಡಕೊಂಡೇನಿ."

ಆವತ್ತು ನಾನು ಕೈ ಎಳೆಯಲಿಲ್ಲ.